ಎಂಬತ್ತಾರು

ಪುಸ್ತಕದಲ್ಲಿ ನೂರು ಎಂದಿತ್ತು. ದಪ್ಪ ಅಕ್ಷರ,
ಸುತ್ತ ನೀಲಿ ಚೌಕಟ್ಟು.
ಎಲ್ ಆಲ್ತೊದ ಈ ಶಾಲೆಯ ತಗಡಿನ ಮಾಡಿನ ಕೆಳಗೆ
ನಾಲ್ಕನೇ ತರಗತಿಯ ಇಪ್ಪತ್ತಮೂರು ಮಂದಿ
ಗ್ಯಾಸ್ ಒಲೆಗೆ ಒತ್ತಿಕೊಂಡು ನಿಂತಿದ್ದರು,
ಅರ್ಧ ಪಾಠಕ್ಕೆ, ಅರ್ಧ ಬೆಚ್ಚಗಾಗಲಿಕ್ಕೆ.

ನೀರು ಕುದಿಯಿತು. ಬುಡದಿಂದ ಗುಳ್ಳೆಗಳು
ಮೇಲೆ ಬಂದು ಬಂದು ಒಡೆದವು.
ಮಾಪಕದ ಕೆಂಪು ಗೆರೆ ಏರಿತು, ಏರಿತು,
ಎಂಬತ್ತಾರಕ್ಕೆ ಬಂದು ಕೂತುಬಿಟ್ಟಿತು.
ಉರಿ ಜೋರು ಮಾಡಿದೆವು. ಕಾದೆವು.
ಹೊರೆ ಹೆಚ್ಚಾದ ಲಾಮಾ ದಾರಿ ನಡುವೆ ಕೂತ ಹಾಗೆ
ಕೂತದ್ದು ಕೂತೇ ಇತ್ತು.

"ಕೆಟ್ಟಿದೆ" ಎಂದ ಸಿಕ್ಸ್ತೊ.
"ಅಗ್ಗದ ಮಾಲು" ಎಂದಳು ಬೆನೀತಾ,
ಸಂತೆಯಲ್ಲಿ ಚೌಕಾಸಿಗಿಳಿದ ಅವಳಮ್ಮನದೇ ದನಿ.
ಕಂಡದ್ದನ್ನು ಬರೆಯಿರಿ ಎಂದೆ.
ಇಪ್ಪತ್ತಮೂರು ನೋಟುಬುಕ್ಕು,
ಇಪ್ಪತ್ತೆರಡು ನೂರು.

ಸತುರ್ನೀನಳ ಪುಟ ಮಾತ್ರ ಖಾಲಿ,
ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೆಳುವಾಗಿತ್ತು.
"ಟೀಚರ್, ಯುಂಗಾಸಿನ ಚಿಕ್ಕಮ್ಮನ ಮನೆಯಲ್ಲಿ
ಆಲೂಗಡ್ಡೆ ಬೇಗ ಬೇಯುತ್ತದೆ.
ಇಲ್ಲಿ ಅಜ್ಜಿ ಒಲೆ ಮುಂದೆ ಕೂತು
ಕಾಲ್ಚೀಲದ ಹಿಮ್ಮಡಿ ಪೂರಾ ಹೆಣೆದರೂ
ಒಳಗೆ ಗಟ್ಟಿ."

ಉತ್ತರ ನನಗೆ ಗೊತ್ತಿತ್ತು.
ಗಾಳಿಯ ಭಾರ, ಬೋರ್ಡಿನ ಮೇಲೆ ಎರಡು ಬಾಣ,
ಐದು ನಿಮಿಷದ ಮಾತು.
ಬಿಸಿ ತುತ್ತಿನ ಹಾಗೆ ಗಂಟಲಲ್ಲಿ ನಿಂತಿತ್ತು.
ನುಂಗಿಕೊಂಡೆ.

ಸಿಕ್ಸ್ತೊನ ಮಾವ ಎಲೂತೇರಿಯೊ
ಕಾರನಾವಿಗೆ ಬಸ್ಸು ಓಡಿಸುತ್ತಾನೆ.
ಮಾಪಕವನ್ನು ಉಣ್ಣೆಯ ಟೊಪ್ಪಿಗೆಯಲ್ಲಿ ಸುತ್ತಿ,
ಪುಟ್ಟ ಒಲೆ, ಒಂದು ತಂಬಿಗೆ, ಹುಷಾರು, ಶಾಲೆಗಿರುವುದು ಇದೊಂದೇ,
ಎಂದು ಎಲ್ಲರೂ ಒಟ್ಟಿಗೆ ಹೇಳಿ ಕಳಿಸಿದೆವು.

ನಾಲ್ಕನೇ ದಿನ ಬಂತು ಟಿಕೆಟ್ಟಿನ ಬೆನ್ನ ಮೇಲೆ
ಗ್ರೀಸು ಮೆತ್ತಿದ ಕೈಬರಹ:

ಲಾ ಕುಂಬ್ರೆ, ಎಂಬತ್ತೈದು. ಗಾಳಿಗೆ ಒಲೆ ಮೂರು ಸಲ ಆರಿತು.
ಕೊರೊಯ್ಕೊ ತಿರುವು, ತೊಂಬತ್ತಾರು. ಪ್ರಯಾಣಿಕರು ಬೈದರು. ಆಮೇಲೆ ಕಾಫಿ ಕೇಳಿದರು.
ಕಾರನಾವಿ, ತೊಂಬತ್ತೆಂಟು. ಸೊಳ್ಳೆ.

ಅಂಗಳದ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಊರುಗಳನ್ನು ಬರೆದರು.
ತುದಿಗೆ ಲಾ ಕುಂಬ್ರೆಯಾಗಿ ನಡುಗುತ್ತ ನಿಂತವನು ಸಿಕ್ಸ್ತೊ,
ಕೆಳಗೆ ಸೊಳ್ಳೆ ಹೊಡೆಯುತ್ತ ಬೆನೀತಾ.
ಯಾರೂ ಹೇಳಿಕೊಡದೆ ತಾವೇ ಕಂಡುಕೊಂಡರು,
ಇಳಿದಷ್ಟೂ ಏರುತ್ತದೆ ಅಂಕಿ.
"ನೂರು ಎಲ್ಲಿ?" ಎನ್ನುತ್ತ ಸತುರ್ನೀನ
ಮೆಟ್ಟಿಲು ಮುಗಿದ ಮೇಲೂ ಇಳಿದಳು,
ಚರಂಡಿ ದಾಟಿ, ಗೇಟು ದಾಟಿ.
"ಇನ್ನೂ ಕೆಳಗೆ" ಎಂದೆ. "ಕಡಲಿನ ಹತ್ತಿರ."

ಅಂಗಳ ಸುಮ್ಮನಾಯಿತು.
ಪ್ರತಿ ಮಾರ್ಚಿನಲ್ಲೂ ಬಿಳಿ ಅಂಗಿ ತೊಟ್ಟು
ದೇಶ ಕಳೆದುಕೊಂಡ ಕಡಲಿಗಾಗಿ
ವಾದ್ಯದ ಹಿಂದೆ ಹೆಜ್ಜೆ ಹಾಕುವ ಮಕ್ಕಳು ಇವರು.
ಒಬ್ಬರೂ ಅದನ್ನು ಕಂಡವರಲ್ಲ.
"ಹಾಗಾದರೆ ನಮ್ಮ ನೂರು ಕೂಡ ಅವರ ಹತ್ತಿರವೇ ಇದೆಯಾ?"
ಬೆನೀತಾ ಕೇಳಿದಳು.
ನಗಲು ಬಾಯಿ ತೆರೆದೆ,
ಗಂಟೆ ಹೊಡೆಯಿತು, ಬದುಕಿಕೊಂಡೆ.

ವರ್ಷದ ಪರೀಕ್ಷೆ. ಪ್ರಶ್ನೆ ಏಳು:
ನೀರು ಕುದಿಯುವುದು ______ ಡಿಗ್ರಿಯಲ್ಲಿ.
ಸತುರ್ನೀನ ಬರೆದದ್ದು: ಯಾವ ಊರಲ್ಲಿ?
ಪಕ್ಕದಲ್ಲಿ, ಜಿಲ್ಲೆಯಿಂದ ಬಂದ ಕೆಂಪು ಮಸಿಯ ಸೊನ್ನೆ.

ಅಳಲಿಲ್ಲ ಹುಡುಗಿ.
ಮನೆಗೊಯ್ದು ಅಜ್ಜಿಗೆ ತೋರಿಸಿದಳಂತೆ.
ಅಜ್ಜಿಗೆ ಓದಲು ಬಾರದು.
ಹೆಣೆಯುವ ಕಡ್ಡಿ ತೆಗೆದು
ಪಾತ್ರೆಯೊಳಗಿನ ಆಲೂಗಡ್ಡೆಗೆ ಚುಚ್ಚಿ ನೋಡಿ
"ಇನ್ನೂ ಇಲ್ಲ" ಎಂದಳಂತೆ.